ಪೆಟ್ಟಿಗೆಯ ಆಚೆ ಏನಿದೆ? ಮೆಟಾಮೆಟೀರಿಯಲ್ ಸಿಮ್ಯುಲೇಶನ್ ಮತ್ತು ಗಡಿ ಷರತ್ತು

(ಮಡಿಕೇರಿಯಲ್ಲಿ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ವಿದ್ಯುತ್ಕಾಂತ ಅಲೆಗಳ ಸಿಮ್ಯುಲೇಶನ್ ತಂತ್ರಾಂಶವೊಂದನ್ನು ತೆರೆಯಿರಿ. 5 ಮಿ.ಮೀ. ಅಗಲ, 5 ಮಿ.ಮೀ. ಎತ್ತರ, 20 ಮಿ.ಮೀ. ಉದ್ದದ ಒಂದು ಪೆಟ್ಟಿಗೆ ಬರೆದು, ನಡುವೆ ತಾಮ್ರದ ಸೀಳು ಉಂಗುರವೊಂದನ್ನು, ಅಂದರೆ ಒಂದು ಕಡೆ ಕತ್ತರಿಸಿದ ಉಂಗುರವನ್ನು, ಇಡಿ. ಇಂಥ ಸಣ್ಣ ಘಟಕಗಳನ್ನು ಸಾಲಾಗಿ ಜೋಡಿಸಿ, ಪ್ರಕೃತಿಯಲ್ಲಿ ಸಿಗದ ಗುಣ ಬರುವಂತೆ ಮಾಡಿದ ಕೃತಕ ವಸ್ತುವೇ ಮೆಟಾಮೆಟೀರಿಯಲ್. ಎರಡು ತುದಿಗಳಿಗೆ ಪೋರ್ಟ್, ಅಂದರೆ ಅಲೆ ಬರುವ, ಹೋಗುವ ಬಾಗಿಲು, ಕೊಡಿ. ಉಳಿದ ನಾಲ್ಕು ಮುಖಗಳ ಬಗ್ಗೆ ಏನೂ ಹೇಳದೆ ರನ್ ಗುಂಡಿ ಒತ್ತಿ. ತಂತ್ರಾಂಶ ತಕರಾರು ಮಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ನಯವಾದ ಒಂದು ಗೆರೆಚಿತ್ರವನ್ನು ನಿಮ್ಮ ಮುಂದೆ ಇಡುತ್ತದೆ. ಅದರಲ್ಲಿ 10 ಗಿಗಾಹರ್ಟ್ಸ್‌ನ ಆಸುಪಾಸು ಅಲೆ ಬಹುತೇಕ ಎಲ್ಲಿಯೂ ದಾಟಿ ಹೋಗುವುದಿಲ್ಲ; ಉಂಗುರದ ಅನುರಣನ ಇರುವಲ್ಲಿ, ಅಂದರೆ ಅದು ಅತಿ ಜೋರಾಗಿ ಸ್ಪಂದಿಸುವ ಆವೃತ್ತಿಯಲ್ಲಿ, ಮಾತ್ರ ಒಂದು ಕಿಂಡಿ ತೆರೆದ ಹಾಗೆ ಕಾಣಬಹುದು. ಪುಸ್ತಕದಲ್ಲಿ ಓದಿದ ಋಣ ವಕ್ರೀಭವನದ, ಅಂದರೆ ಅಲೆ ಸಾಮಾನ್ಯಕ್ಕೆ ಎದುರು ದಿಕ್ಕಿಗೆ ಬಾಗುವುದರ, ಚಿತ್ರಕ್ಕೂ ಇದಕ್ಕೂ ಹೋಲಿಕೆ ಇದೆಯಲ್ಲ ಎಂದು ನೀವು ಹಿಗ್ಗುತ್ತೀರಿ.

ಆದರೆ ಆ ನಾಲ್ಕು ಮುಖಗಳಲ್ಲಿ ಏನಿತ್ತು? ಎಚ್‌ಎಫ್‌ಎಸ್‌ಎಸ್ ಆಗಲಿ, ಕಾಮ್ಸಾಲ್ ಆಗಲಿ, ಮೀಪ್ ಆಗಲಿ, ಈ ತಂತ್ರಾಂಶಗಳೆಲ್ಲ ನೀವು ಬಾಯಿ ಬಿಡದಿದ್ದರೆ ಹೊರಮುಖಗಳನ್ನು ಪರಿಪೂರ್ಣ ವಾಹಕ ಎಂದು ತಾವೇ ತೀರ್ಮಾನಿಸಿಕೊಳ್ಳುತ್ತವೆ. ಹಾಗಾಗಿ ನೀವು ಲೆಕ್ಕ ಹಾಕಿದ್ದು 5 ಮಿ.ಮೀ. ಚೌಕದ ಲೋಹದ ಕೊಳವೆಯನ್ನು. ಅಂಥ ಕೊಳವೆಯಲ್ಲಿ 30 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಮುಂದೆ ಸಾಗುವುದೇ ಇಲ್ಲ. 10 ಗಿಗಾಹರ್ಟ್ಸ್‌ನ ಅಲೆ 20 ಮಿ.ಮೀ. ಹೋಗುವಷ್ಟರಲ್ಲಿ 100 ಡೆಸಿಬೆಲ್‌ನಷ್ಟು ಕುಗ್ಗಿಬಿಡುತ್ತದೆ. ನೀವು ಕಂಡದ್ದು ಆ ಕುಗ್ಗುವಿಕೆಯನ್ನು. ಕಿಂಡಿಯೂ ಸುಳ್ಳಲ್ಲ ಎಂಬುದು ಇಲ್ಲಿನ ಸೊಗಸು. 2002ರಲ್ಲಿ ಸ್ಪೇನಿನ ರಿಕಾರ್ಡೊ ಮಾರ್ಕೇಸ್ ಮತ್ತು ಸಂಗಡಿಗರು ಇಂಥದೇ ಸಣ್ಣ ಲೋಹದ ಕೊಳವೆಯೊಳಗೆ ಸೀಳು ಉಂಗುರಗಳನ್ನು ಜೋಡಿಸಿ, ಸಾಗಬಾರದ ಅಲೆ ಉಂಗುರದ ಅನುರಣನದ ಬಳಿ ಸಾಗುವುದನ್ನು ತೋರಿಸಿದರು. ಪರ್ಮಿಟಿವಿಟಿ ಎಂದರೆ ವಿದ್ಯುತ್ ಕ್ಷೇತ್ರಕ್ಕೆ, ಪರ್ಮಿಯಬಿಲಿಟಿ ಎಂದರೆ ಕಾಂತಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ. ಸಾಗಬಿಡದ ಕೊಳವೆ ಋಣ ಪರ್ಮಿಟಿವಿಟಿಯ ಮಾಧ್ಯಮದಂತೆ ವರ್ತಿಸುತ್ತದೆ, ಉಂಗುರ ಋಣ ಪರ್ಮಿಯಬಿಲಿಟಿಯನ್ನು ಕೊಡುತ್ತದೆ, ಎರಡೂ ಕೂಡಿದಾಗ ಅಲೆ ದಾಟುತ್ತದೆ. ಅವರು ಗೋಡೆಯನ್ನು ಬೇಕೆಂದೇ ಇಟ್ಟಿದ್ದರು, ಅದನ್ನು ಹೇಳಿಯೂ ಇದ್ದರು. ನಿಮ್ಮ ಗೋಡೆ ನಿಮಗೆ ತಿಳಿಯದೆ ಬಂದದ್ದು. ನೀವು ಅದರ ಕೆಲಸವನ್ನು ಉಂಗುರದ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಪೆಟ್ಟಿಗೆಯ ಒಳಗೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸುವುದು ಯಂತ್ರದ ಕೆಲಸ, ಅದನ್ನು ಅದು ನಮಗಿಂತ ಚೆನ್ನಾಗಿ ಮಾಡುತ್ತದೆ. ಪೆಟ್ಟಿಗೆಯ ಆಚೆ ಏನಿದೆ ಎಂದು ಹೇಳುವುದು ನಮ್ಮ ಕೆಲಸ. ಗಡಿ ಷರತ್ತು ಎಂದರೆ ಆ ಹೇಳಿಕೆ. ನೀವು ಏನು ಹೇಳಿದಿರೋ ಆ ಜಗತ್ತಿಗೆ ಯಂತ್ರ ಸರಿಯಾದ ಉತ್ತರವನ್ನೇ ಕೊಡುತ್ತದೆ. ಆ ಜಗತ್ತು ನಿಮ್ಮದು ಹೌದೋ ಅಲ್ಲವೋ ಎಂದು ಅದು ಕೇಳುವುದಿಲ್ಲ.

ಮೆಟಾಮೆಟೀರಿಯಲ್‌ಗಳ ವಿಷಯದಲ್ಲಿ ಈ ಮಾತು ಯಾಕೆ ಇಷ್ಟು ಮುಖ್ಯ ಎನ್ನಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಕ್ಟರ್ ವೆಸೆಲಾಗೊ 1967ರಲ್ಲಿ, ಪರ್ಮಿಟಿವಿಟಿ ಮತ್ತು ಪರ್ಮಿಯಬಿಲಿಟಿ ಎರಡೂ ಋಣವಾದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಕೇಳಿಕೊಂಡರು. ಅಂಥ ವಸ್ತು ಪ್ರಕೃತಿಯಲ್ಲಿ ಸಿಗಲಿಲ್ಲ. 1999ರಲ್ಲಿ ಜಾನ್ ಪೆಂಡ್ರಿ ಮತ್ತು ಸಂಗಡಿಗರು, ಅಯಸ್ಕಾಂತದ ಗುಣವಿಲ್ಲದ ತಾಮ್ರವನ್ನೇ ಸೀಳು ಉಂಗುರಗಳಾಗಿ ಮಾಡಿ ಸಾಲಾಗಿ ಜೋಡಿಸಿದರೆ ಕಾಂತೀಯ ಪ್ರತಿಕ್ರಿಯೆಯನ್ನು ಹುಟ್ಟಿಸಬಹುದು ಎಂದರು. 2000ದಲ್ಲಿ ಸ್ಯಾನ್ ಡಿಯಾಗೊದಲ್ಲಿ ಡೇವಿಡ್ ಸ್ಮಿತ್ ಅವರ ಗುಂಪು ಉಂಗುರಗಳನ್ನೂ ತಂತಿಗಳನ್ನೂ ಕೂಡಿಸಿ ಮಾದರಿ ಕಟ್ಟಿತು. ಮರುವರ್ಷ ಅದರ ಪ್ರಿಸಂನಿಂದ ಮೈಕ್ರೋವೇವ್ ತಪ್ಪು ದಿಕ್ಕಿಗೆ ಬಾಗುವುದನ್ನು ಅಳೆದು ತೋರಿಸಿದರು. ನಮ್ಮ ದೇಶದ ಮಟ್ಟಿಗೆ ಈ ಕಥೆ ಇನ್ನೂ ಹಳೆಯದು. ಜಗದೀಶ್ ಚಂದ್ರ ಬೋಸ್ 1898ರಲ್ಲೇ ಕೋಲ್ಕತ್ತದಲ್ಲಿ ಸೆಣಬನ್ನು ಹುರಿ ಮಾಡಿ, ಆ ಹುರಿಗಳ ಕಟ್ಟು ಮೈಕ್ರೋವೇವ್‌ನ ಧ್ರುವೀಕರಣದ ದಿಕ್ಕನ್ನು, ಅಂದರೆ ಅದರ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕನ್ನು, ತಿರುಗಿಸುವುದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಹುರಿಯನ್ನು ಎಡಕ್ಕೆ ಸುತ್ತಿದರೆ ಒಂದು ಕಡೆ, ಬಲಕ್ಕೆ ಸುತ್ತಿದರೆ ಇನ್ನೊಂದು ಕಡೆ. ಈ ಸೆಣಬಿನ ಹುರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವೆಲ್ಲದರಲ್ಲಿ ಸಮಾನವಾದದ್ದು ಒಂದೇ: ಒಂದು ಸಣ್ಣ ಘಟಕ, ಅದರ ಸಾವಿರಾರು ಪ್ರತಿಗಳು. ಘಟಕವನ್ನು ಯೂನಿಟ್ ಸೆಲ್ ಎನ್ನುತ್ತೇವೆ. ಸಾವಿರ ಸೆಲ್‌ಗಳ ಹಾಳೆಯನ್ನು ಇಡಿಯಾಗಿ ಲೆಕ್ಕ ಹಾಕಲು ಸಾಮಾನ್ಯ ಕಂಪ್ಯೂಟರಿನ ಮೆಮೊರಿ ಸಾಲುವುದಿಲ್ಲ. ಆದ್ದರಿಂದ ಒಂದೇ ಸೆಲ್ ಬರೆದು, ಸುತ್ತಲೂ ಇಂಥವೇ ಕೊನೆಯಿಲ್ಲದೆ ಇವೆ ಎಂದು ಗಡಿಯಲ್ಲಿ ಹೇಳುತ್ತೇವೆ; ಇದೇ ಆವರ್ತಕ ಗಡಿ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಕಾಫಿ ತೋಟ ಇರಬಹುದು. ತೋಟದ ನಟ್ಟನಡುವಿನ ರೊಬಸ್ಟಾ ಗಿಡಕ್ಕೆ ನಾಲ್ಕೂ ಕಡೆ ಹತ್ತತ್ತು ಅಡಿಗೆ ತನ್ನಂಥದೇ ಗಿಡ. ಅದರ ಮಟ್ಟಿಗೆ ತೋಟಕ್ಕೆ ಅಂಚೇ ಇಲ್ಲ. ರಸ್ತೆ ಪಕ್ಕದ ಗಿಡದ ಪಾಡು ಬೇರೆ. ಒಂದು ಸೆಲ್ ಬರೆದು ಆವರ್ತಕ ಗಡಿ ಇಟ್ಟಾಗ ನೀವು ನಡುವಿನ ಗಿಡವನ್ನು ಮಾತ್ರ ನೋಡುತ್ತಿದ್ದೀರಿ. ಇದೇ ತೋಟವನ್ನು ಮೆಟಾಮೆಟೀರಿಯಲ್ ಎನ್ನಬಹುದೇ ಎಂದರೆ, ಅದು ಅಲೆಯನ್ನು ಅವಲಂಬಿಸಿದೆ. ಎಫ್‌ಎಂ ರೇಡಿಯೊದ ತರಂಗಾಂತರ ಸುಮಾರು 3 ಮೀಟರ್, ಹತ್ತಡಿಯೂ ಸುಮಾರು ಅಷ್ಟೇ. ಅಂತರ ಮತ್ತು ತರಂಗಾಂತರ ಸಮವಾದಾಗ ಅಲೆಗೆ ಒಂದೊಂದು ಗಿಡವೂ ಬೇರೆ ಬೇರೆಯಾಗಿ ಕಾಣುತ್ತದೆ. ಸರಾಸರಿ ಮಾಧ್ಯಮ ಎಂಬ ಮಾತೇ ಹುಟ್ಟುವುದಿಲ್ಲ. ಸೆಲ್ ತರಂಗಾಂತರದ ಐದನೆಯ, ಆರನೆಯ ಭಾಗವೋ ಅದಕ್ಕಿಂತ ಚಿಕ್ಕದೋ ಆಗಿದ್ದಾಗ ಆ ಮಾತಿಗೆ ಅರ್ಥ ಬರುತ್ತದೆ. 10 ಗಿಗಾಹರ್ಟ್ಸ್‌ಗೆ ತರಂಗಾಂತರ 30 ಮಿ.ಮೀ., ನಮ್ಮ ಸೆಲ್ 5 ಮಿ.ಮೀ. ಆರನೆಯ ಒಂದು ಭಾಗ.

ಈಗ ಗೋಡೆಗಳಿಗೆ ಬರೋಣ. ಮೆಟಾಮೆಟೀರಿಯಲ್ ಕೆಲಸ ಶುರು ಮಾಡುವವರಿಗೆ ಮೊದಲು ಸಿಗುವ ಪಾಠ, ಎರಡು ಗೋಡೆ ಪಿಇಸಿ, ಎರಡು ಗೋಡೆ ಪಿಎಂಸಿ ಎಂಬುದು. ಪಿಇಸಿ ಎಂದರೆ ಪರಿಪೂರ್ಣ ವಿದ್ಯುತ್ ವಾಹಕ: ಗೋಡೆಗೆ ಸಮಾಂತರವಾದ ವಿದ್ಯುತ್ ಕ್ಷೇತ್ರ ಅಲ್ಲಿ ಸೊನ್ನೆ. ಪಿಎಂಸಿ ಅದರ ಕಾಂತೀಯ ಜೋಡಿ: ಗೋಡೆಗೆ ಸಮಾಂತರವಾದ ಕಾಂತಕ್ಷೇತ್ರ ಸೊನ್ನೆ. ಎರಡನೆಯದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಲೆಕ್ಕದ ಅನುಕೂಲಕ್ಕೆ ಇಟ್ಟ ಗೋಡೆ. ಅಲೆ ಜೆಡ್ ದಿಕ್ಕಿನಲ್ಲಿ ಹೋಗುತ್ತಿದೆ, ವಿದ್ಯುತ್ ಕ್ಷೇತ್ರ ವೈ ದಿಕ್ಕಿಗೆ, ಕಾಂತಕ್ಷೇತ್ರ ಎಕ್ಸ್ ದಿಕ್ಕಿಗೆ ಎಂದುಕೊಳ್ಳಿ. ವೈ ದಿಕ್ಕಿನ ಎರಡು ಗೋಡೆಗಳಿಗೆ ವಿದ್ಯುತ್ ಕ್ಷೇತ್ರ ಲಂಬ. ಅಲ್ಲಿ ಪಿಇಸಿ ಇಟ್ಟರೆ ಅಲೆಗೆ ತೊಂದರೆಯಿಲ್ಲ. ಎಕ್ಸ್ ದಿಕ್ಕಿನ ಗೋಡೆಗಳಿಗೆ ಕಾಂತಕ್ಷೇತ್ರ ಲಂಬ, ಅಲ್ಲಿ ಪಿಎಂಸಿ. ಸಮತಲ ಅಲೆ ಗೋಡೆಗಳು ಇವೆ ಎಂಬುದನ್ನೇ ಅರಿಯದಂತೆ ಹಾದು ಹೋಗುತ್ತದೆ. ಉಂಗುರವನ್ನು ವೈ-ಜೆಡ್ ತಲದಲ್ಲಿ ನಿಲ್ಲಿಸಿದರೆ ಕಾಂತಕ್ಷೇತ್ರ ಅದರ ನಡುವಿನಿಂದ ಹಾಯುತ್ತದೆ, ಪ್ರವಾಹ ಸುತ್ತುತ್ತದೆ, ಅನುರಣನ ಸಿಗುತ್ತದೆ. ಗೋಡೆಗಳನ್ನು ಅದಲು ಬದಲು ಮಾಡಿದರೆ ಅಲೆಯ ಧ್ರುವೀಕರಣವೇ ತಿರುಗಿ, ಕಾಂತಕ್ಷೇತ್ರ ಉಂಗುರದ ತಲಕ್ಕೆ ಸಮಾಂತರವಾಗಿ, ಆ ಅನುರಣನ ಮಾಯವಾಗುತ್ತದೆ. ಉಂಗುರದ ಅಳತೆ ತಪ್ಪಿರಬೇಕು ಎಂದು ವಾರಗಟ್ಟಲೆ ಅಳತೆ ಬದಲಿಸುತ್ತಾ ಕೂರುವವರಿದ್ದಾರೆ.

ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಹೇಳದೆ ಬಿಡುವ ಸಂಗತಿ ಮುಂದಿನದು. ಪಿಇಸಿ ಮತ್ತು ಪಿಎಂಸಿ ಗೋಡೆಗಳು ನಿಮ್ಮ ಸೆಲ್‌ನ ಪ್ರತಿಯನ್ನು ಪಕ್ಕದಲ್ಲಿ ಇಡುವುದಿಲ್ಲ, ಪ್ರತಿಬಿಂಬವನ್ನು ಇಡುತ್ತವೆ. ಪ್ರತಿಯೂ ಪ್ರತಿಬಿಂಬವೂ ಒಂದೇ ಆಗಬೇಕಾದರೆ ಸೆಲ್ ಎಡಬಲ ಸಮವಾಗಿರಬೇಕು. ನಿಮ್ಮ ಉಂಗುರ ಎಫ್‌ಆರ್-4 ಎಂಬ ಸಾಮಾನ್ಯ ಸರ್ಕ್ಯೂಟ್ ಬೋರ್ಡಿನ ಒಂದೇ ಮುಖದ ಮೇಲೆ ಇದೆ ಅಲ್ಲವೇ? ಬೋರ್ಡ್ 1 ಮಿ.ಮೀ. ದಪ್ಪ, ಅದನ್ನು 5 ಮಿ.ಮೀ. ಸೆಲ್‌ನ ಸರಿಯಾಗಿ ನಡುವೆ ನಿಲ್ಲಿಸಿದ್ದೀರಿ. ಆಗ ಉಂಗುರ ನಡುಗೆರೆಯಿಂದ ಅರ್ಧ ಮಿ.ಮೀ. ಬಲಕ್ಕೆ ಇದೆ. ಬಲಗೋಡೆಗೆ ದೂರ 2 ಮಿ.ಮೀ., ಎಡಗೋಡೆಗೆ 3 ಮಿ.ಮೀ. ಬಲಗೋಡೆಯ ಆಚೆ ಪ್ರತಿಬಿಂಬ ಇನ್ನೂ 2 ಮಿ.ಮೀ. ದೂರದಲ್ಲಿ, ಎಡಗೋಡೆಯ ಆಚೆ ಇನ್ನೂ 3 ಮಿ.ಮೀ. ದೂರದಲ್ಲಿ. ಹಾಗಾದರೆ ನೀವು ಲೆಕ್ಕ ಹಾಕುತ್ತಿರುವ ಸಾಲಿನಲ್ಲಿ ಉಂಗುರಗಳ ಅಂತರ 4, 6, 4, 6. ನೀವು ಕಟ್ಟಲಿರುವ ಸಾಲಿನಲ್ಲಿ 5, 5, 5, 5. ಹತ್ತಿರದ ಉಂಗುರಗಳ ಕಾಂತೀಯ ಸಂಬಂಧ ಅನುರಣನದ ಆವೃತ್ತಿಯನ್ನು ಸರಿಸುತ್ತದೆ. ಅಳತೆ ಮಾಡಿದಾಗ ಗೆರೆಚಿತ್ರದಲ್ಲಿ ಅನುರಣನದ ತಗ್ಗು ಬೇರೆ ಕಡೆ ಬಂದರೆ ಬೋರ್ಡಿನ ಪರ್ಮಿಟಿವಿಟಿಯನ್ನು ದೂರುತ್ತೇವೆ. ಎಫ್‌ಆರ್-4 ದೂರಿಗೆ ಅರ್ಹವೇ; 4.4 ಎಂದು ಬರೆದುಕೊಂಡರೂ ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ, ಜುಲೈ ತಿಂಗಳ ಮಡಿಕೇರಿಯಲ್ಲಿ ತೆರೆದಿಟ್ಟರೆ ತೇವವನ್ನೂ ಕುಡಿಯುತ್ತದೆ. ಆದರೆ ಎಲ್ಲ ಸಲವೂ ತಪ್ಪು ಅದರದ್ದಲ್ಲ.

ಉಂಗುರದ ಸೀಳು ಮೇಲಿನ ತೋಳಿನಲ್ಲಿದ್ದರೂ ಇದೇ ಕಥೆ. ನಿಜವಾದ ಸಾಲಿನಲ್ಲಿ ಎಲ್ಲ ಸೀಳುಗಳೂ ಮೇಲಕ್ಕೆ. ಪಿಇಸಿ ಗೋಡೆಯ ಆಚೆ ಮಾತ್ರ ಸೀಳು ಕೆಳಕ್ಕೆ, ಎರಡು ಸೀಳುಗಳು ಎದುರುಬದುರು. ಸೀಳಿನ ಬಳಿ ವಿದ್ಯುತ್ ಕ್ಷೇತ್ರ ಅತಿ ತೀವ್ರವಾಗಿರುವುದರಿಂದ ಈ ವ್ಯತ್ಯಾಸ ಸಣ್ಣದಾಗಿ ಉಳಿಯುವುದಿಲ್ಲ.

ಬೋಸರ ಸೆಣಬಿನ ಹುರಿಯನ್ನು ಈಗ ತೆಗೆದುಕೊಳ್ಳಿ. ಬಲಕ್ಕೆ ಸುತ್ತಿದ ಹುರಿಯ ಪ್ರತಿಬಿಂಬ ಎಡಕ್ಕೆ ಸುತ್ತಿದ ಹುರಿ. ತಿರುಚಿದ ರಚನೆಯೊಂದನ್ನು ಪಿಇಸಿ, ಪಿಎಂಸಿ ಗೋಡೆಗಳ ನಡುವೆ ಇಟ್ಟರೆ ಬಲ, ಎಡ, ಬಲ, ಎಡ ಎಂದು ಜೋಡಿಸಿದ ಹಾಳೆಯನ್ನು ಲೆಕ್ಕ ಹಾಕಿದ ಹಾಗಾಯಿತು. ಒಂದು ತಿರುಗಿಸಿದ್ದನ್ನು ಇನ್ನೊಂದು ಹಿಂದಕ್ಕೆ ತಿರುಗಿಸುತ್ತದೆ. ಫಲಿತಾಂಶದಲ್ಲಿ ಧ್ರುವೀಕರಣ ಒಂದು ಡಿಗ್ರಿಯೂ ತಿರುಗುವುದಿಲ್ಲ. ಅಷ್ಟೇ ಅಲ್ಲ, ಅಡ್ಡ ಧ್ರುವೀಕರಣದ, ಅಂದರೆ ವಿದ್ಯುತ್ ಕ್ಷೇತ್ರ ಮೊದಲಿನದಕ್ಕೆ ಲಂಬವಾದ, ಸಮತಲ ಅಲೆಗೆ ಆ ಪೆಟ್ಟಿಗೆಯಲ್ಲಿ ಇರಲು ಅವಕಾಶವೇ ಇಲ್ಲ, ಗೋಡೆಗಳು ಅದನ್ನು ಮೊದಲೇ ನಿಷೇಧಿಸಿವೆ. ಮೈಕ್ರೋವೇವ್ ಹೀರುವ ಹಾಳೆಗಳ ಮೇಲೆ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 2008ರಲ್ಲಿ ಲ್ಯಾಂಡಿ ಮತ್ತು ಸಂಗಡಿಗರು ಪರಿಪೂರ್ಣ ಹೀರಿಕೆಯ ಮೆಟಾಮೆಟೀರಿಯಲ್ ಬಗ್ಗೆ ಬರೆದ ಮೇಲೆ ಅಂಥ ವಿನ್ಯಾಸಗಳ ಹೊಳೆಯೇ ಹರಿದಿದೆ. ಹಿಂದೆ ತಾಮ್ರದ ಹಾಳೆ ಇರುವುದರಿಂದ ಅಲೆ ದಾಟುವುದಿಲ್ಲ, ಹಿಂದಿರುಗಿದ ಅಲೆ ಕಡಿಮೆ ಇದೆ, ಆದ್ದರಿಂದ ಉಳಿದದ್ದೆಲ್ಲ ಹೀರಿಕೆ ಎಂಬ ಲೆಕ್ಕ. ಆದರೆ ಹಿಂದಿರುಗಿದ ಅಲೆ ಅಡ್ಡ ಧ್ರುವೀಕರಣದಲ್ಲಿ ಬಂದಿದ್ದರೆ? ಅದನ್ನು ಎಣಿಸದೆ ಬಿಟ್ಟರೆ ಧ್ರುವೀಕರಣ ತಿರುಗಿಸುವ ಹಾಳೆ ಹೀರುವ ಹಾಳೆಯಂತೆ ಕಾಣುತ್ತದೆ. ಮೋಡ್ ಎಂದರೆ ಅಲೆ ತಳೆಯಬಹುದಾದ ಒಂದೊಂದು ರೂಪ; ಪೋರ್ಟಿನಲ್ಲಿ ಎರಡೂ ಧ್ರುವೀಕರಣಗಳ ಮೋಡ್‌ಗಳನ್ನು ಸೇರಿಸಿಯೇ ಲೆಕ್ಕ ಹಾಕಿ.

ಹಾಗಾದರೆ ಸರಿಯಾದ ದಾರಿ ಯಾವುದು? ಆವರ್ತಕ ಗಡಿ. ಎಡಮುಖದ ಕ್ಷೇತ್ರವೇ ಬಲಮುಖದ ಕ್ಷೇತ್ರ, ನಡುವೆ ಒಂದು ಫೇಸ್ ವ್ಯತ್ಯಾಸ, ಅಂದರೆ ಅಲೆಯ ಏರಿಳಿತದಲ್ಲಿನ ಹಿಂದುಮುಂದು, ಮಾತ್ರ. ಗಣಿತದಲ್ಲಿ ಇದರ ಬೇರು ಗಸ್ತೋನ್ ಫ್ಲೋಕೆ 1883ರಲ್ಲಿ ಬರೆದ ಪ್ರಮೇಯ. ಸ್ಫಟಿಕದೊಳಗಿನ ಎಲೆಕ್ಟ್ರಾನ್‌ಗೆ ಅದನ್ನು 1928ರಲ್ಲಿ ಫೆಲಿಕ್ಸ್ ಬ್ಲಾಕ್ ಹೇಳಿದರು. ಎಂಜಿನಿಯರುಗಳ ತಂತ್ರಾಂಶದಲ್ಲಿ ಫ್ಲೋಕೆ ಪೋರ್ಟ್ ಎಂದೂ ಭೌತವಿಜ್ಞಾನಿಗಳ ತಂತ್ರಾಂಶದಲ್ಲಿ ಬ್ಲಾಕ್ ಆವರ್ತನ ಎಂದೂ ಕಾಣುವುದು ಇದೇ. ಅಲೆ ಲಂಬವಾಗಿ ಬಂದರೆ ಫೇಸ್ ವ್ಯತ್ಯಾಸ ಸೊನ್ನೆ. ಓರೆಯಾಗಿ ಬಂದರೆ ಅಲೆಯ ಮುಂಚೂಣಿ ಒಂದು ಸೆಲ್ ಮುಟ್ಟಿ, ತಡವಾಗಿ ಪಕ್ಕದ ಸೆಲ್ ಮುಟ್ಟುತ್ತದೆ; ಆ ತಡವೇ ಫೇಸ್. 10 ಗಿಗಾಹರ್ಟ್ಸ್, 5 ಮಿ.ಮೀ. ಸೆಲ್, 30 ಡಿಗ್ರಿ ಓರೆ ಎಂದರೆ 360ನ್ನು 5 ಮತ್ತು 30ರ ಅನುಪಾತದಿಂದಲೂ 30 ಡಿಗ್ರಿಯ ಸೈನ್‌ನಿಂದಲೂ ಗುಣಿಸಿ: 30 ಡಿಗ್ರಿ ಫೇಸ್ ಬರುತ್ತದೆ. ಓರೆಯೂ 30, ಫೇಸೂ 30 ಎಂದು ಬಂದದ್ದು ಕಾಕತಾಳೀಯ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಇಲ್ಲಿ ಒಂದು ಹೊಂಡವಿದೆ, ಅದರ ಮುಂದೆ ಸ್ವಲ್ಪ ನಿಲ್ಲೋಣ. ನೀವು ಓರೆಯ ಬದಲು ಫೇಸನ್ನೇ 30 ಡಿಗ್ರಿ ಎಂದು ಬರೆದು, 5ರಿಂದ 15 ಗಿಗಾಹರ್ಟ್ಸ್‌ವರೆಗೆ ಲೆಕ್ಕ ಹಾಕಿಸುತ್ತೀರಿ. ಫೇಸ್ ಸ್ಥಿರ, ತರಂಗಾಂತರ ಬದಲಾಗುತ್ತಿದೆ. ಹಾಗಾದರೆ ಓರೆ ಬದಲಾಗಲೇಬೇಕು. 10 ಗಿಗಾಹರ್ಟ್ಸ್‌ನಲ್ಲಿ 30 ಡಿಗ್ರಿ ಓರೆ. 15ರಲ್ಲಿ ಸುಮಾರು 19.5 ಡಿಗ್ರಿ. 5ಕ್ಕೆ ಇಳಿದರೆ 90 ಡಿಗ್ರಿ, ಅಂದರೆ ಅಲೆ ಹಾಳೆಯನ್ನು ಸವರಿಕೊಂಡು ಹೋಗುತ್ತಿದೆ. ಅದಕ್ಕೂ ಕೆಳಗೆ ಸಾಗುವ ಅಲೆಯೇ ಇಲ್ಲ. ಒಂದೇ ಗೆರೆಯ ಮೇಲೆ ಪ್ರತಿ ಬಿಂದುವೂ ಬೇರೆ ಬೇರೆ ಪ್ರಯೋಗ! ಆವೃತ್ತಿಗೊಂದರಂತೆ ಬಿಡಿಸುವ ತಂತ್ರಾಂಶದಲ್ಲಿ ಓರೆಯನ್ನೇ ಕೊಟ್ಟು ಇದನ್ನು ತಪ್ಪಿಸಬಹುದು. ಮೀಪ್‌ನಂತೆ ಕಾಲದಲ್ಲಿ ಹೆಜ್ಜೆ ಹಾಕುತ್ತಾ ಒಂದೇ ಸ್ಪಂದನದಿಂದ ಎಲ್ಲ ಆವೃತ್ತಿಗಳನ್ನೂ ಪಡೆಯುವ ವಿಧಾನದಲ್ಲಿ ಸಾಮಾನ್ಯವಾಗಿ ಗಡಿಯ ಫೇಸ್ ಸ್ಥಿರವಾಗಿರುತ್ತದೆ. ಆದ್ದರಿಂದ ಬೇಕಾದ ಓರೆಗೆ ಹಲವು ಫೇಸ್‌ಗಳನ್ನು ಬೇರೆ ಬೇರೆ ಓಡಿಸಿ ಜೋಡಿಸಿಕೊಳ್ಳಬೇಕು.

ಆವರ್ತಕ ಗಡಿಯ ಜೋಡಿ ಮುಖಗಳ ದಿಕ್ಕನ್ನು ಸೂಚಿಸುವ ಬಾಣಗಳು ಎರಡೂ ಮುಖಗಳಲ್ಲಿ ಒಂದೇ ಕಡೆಗೆ ಇರಲಿ. ಎಚ್‌ಎಫ್‌ಎಸ್‌ಎಸ್‌ನಲ್ಲಿ ಇದನ್ನು ಕೈಯಾರೆ ಬರೆಯಬೇಕಾಗುತ್ತದೆ, ಒಂದನ್ನು ತಿರುಗಿಸಿ ಬರೆಯುವುದು ತೀರಾ ಸುಲಭ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಈಗ ಅಲೆ ಬರುವ, ಹೋಗುವ ತುದಿಗಳು. ಅಲ್ಲಿ ನಾವು ಹೇಳಬೇಕಾದದ್ದು: ಇದರಾಚೆ ಬಯಲು, ಹೋದ ಅಲೆ ಹಿಂದಿರುಗುವುದಿಲ್ಲ. 1981ರಲ್ಲಿ ಮುರ್ ಅವರ ಹೀರುಗಡಿ ಬಂತು, 1994ರಲ್ಲಿ ಬೆರೆಂಜೆ ಅವರ ಪಿಎಂಎಲ್ ಬಂದು ಆಟವನ್ನೇ ಬದಲಿಸಿತು. ಪಿಎಂಎಲ್ ಎಂದರೆ ಅಲೆಯನ್ನು ಪ್ರತಿಫಲಿಸದೆ ಒಳಗೆ ಬಿಟ್ಟುಕೊಂಡು, ಒಳಗೇ ಕರಗಿಸುವ ಕೃತಕ ಪದರ. ಇದನ್ನು ಎಷ್ಟು ದೂರ ಇಡಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ತರಂಗಾಂತರದ ಕಾಲು ಭಾಗ ಎಂಬ ಸಿದ್ಧ ಉತ್ತರ ಬಾಯಲ್ಲೇ ಇರುತ್ತದೆ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಹಾಳೆಯ ಹತ್ತಿರ ಸಾಗುವ ಅಲೆಯ ಜೊತೆಗೆ ಕ್ಷಯಿಸುವ ಕ್ಷೇತ್ರಗಳೂ ಇರುತ್ತವೆ. ಪೋರ್ಟ್ ಅಥವಾ ಪಿಎಂಎಲ್ ಅವುಗಳಿಗೆ ಸೋಕಬಾರದು. ಅವು ಎಷ್ಟು ಬೇಗ ಕ್ಷಯಿಸುತ್ತವೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಸೆಲ್‌ನ ಅಳತೆ. 10 ಗಿಗಾಹರ್ಟ್ಸ್‌ನಲ್ಲಿ 5 ಮಿ.ಮೀ. ಸೆಲ್‌ಗೆ ಲೆಕ್ಕ ಹಾಕಿ ನೋಡಿ: ಲಂಬ ಅಲೆಗೆ ಪ್ರತಿ 0.8 ಮಿ.ಮೀ.ಗೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತವೆ. ಒಂದು ಸೆಲ್‌ನಷ್ಟು, ಅಂದರೆ 5 ಮಿ.ಮೀ. ದೂರದಲ್ಲಿ ಸಾವಿರಕ್ಕೆ ಎರಡು ಭಾಗ ಉಳಿಯುತ್ತದೆ. ಅಷ್ಟು ದೂರ ಸಾಕು. ಅದೇ ಆವೃತ್ತಿಯಲ್ಲಿ ಸೆಲ್ 20 ಮಿ.ಮೀ. ಆದರೆ ಇಳಿಕೆಯ ಅಳತೆ 4 ಮಿ.ಮೀ. ದಾಟುತ್ತದೆ, 7.5 ಮಿ.ಮೀ. ಎಂಬ ಕಾಲು ತರಂಗಾಂತರದಲ್ಲಿ ಇನ್ನೂ ನೂರಕ್ಕೆ 17ರಷ್ಟು ಉಳಿದಿರುತ್ತದೆ. ಸಿದ್ಧ ಉತ್ತರ ಒಂದು ಕಡೆ ವ್ಯರ್ಥ ದುಂದು, ಇನ್ನೊಂದು ಕಡೆ ಸಾಲದು.

ಇದೇ 20 ಮಿ.ಮೀ. ಸೆಲ್‌ಗೆ 30 ಡಿಗ್ರಿ ಓರೆಯ ಅಲೆ ಬಿಟ್ಟರೆ ಇನ್ನೊಂದು ಸಂಗತಿ ನಡೆಯುತ್ತದೆ. ಸೆಲ್‌ನ ಅಗಲವನ್ನು ಒಂದು ಮತ್ತು ಓರೆಯ ಸೈನ್ ಕೂಡಿದ ಮೊತ್ತದಿಂದ ಗುಣಿಸಿ: 20 ಗುಣಿಸು 1.5, ಸರಿಯಾಗಿ 30 ಮಿ.ಮೀ. ಅದು ತರಂಗಾಂತರವೇ. ಆ ಗೆರೆ ದಾಟಿದ ಕೂಡಲೇ, ಅದುವರೆಗೆ ಕ್ಷಯಿಸುತ್ತಿದ್ದ ಒಂದು ಫ್ಲೋಕೆ ಮೋಡ್ ಸಾಗುವ ಅಲೆಯಾಗಿ ಬೇರೆ ದಿಕ್ಕಿಗೆ ಹೊರಡುತ್ತದೆ. ಅದೇ ಗ್ರೇಟಿಂಗ್ ಲೋಬ್. ಪೋರ್ಟಿನಲ್ಲಿ ಆ ಮೋಡನ್ನು ಸೇರಿಸದಿದ್ದರೆ ಅದು ಹೊತ್ತೊಯ್ಯುವ ಶಕ್ತಿಗೆ ಲೆಕ್ಕವಿಲ್ಲ.

ಪಿಎಂಎಲ್ ಎಲ್ಲ ಓರೆಗಳಿಗೂ ಒಂದೇ ರೀತಿ ಕೆಲಸ ಮಾಡುತ್ತದೆ ಎಂದು ನಂಬಿರುವವರಿದ್ದಾರೆ. ಲಂಬವಾಗಿ ಬಂದ ಅಲೆಯನ್ನು ಹತ್ತು ಸಾವಿರದ ಒಂದು ಭಾಗಕ್ಕೆ ಇಳಿಸುವ ಪದರ, 60 ಡಿಗ್ರಿ ಓರೆಯಲ್ಲಿ ನೂರರ ಒಂದು ಭಾಗಕ್ಕೆ ಇಳಿಸುತ್ತದೆ, 80 ಡಿಗ್ರಿಯಲ್ಲಿ ಐದನೆಯ ಒಂದು ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ಓರೆಯ ಕೊಸೈನ್ ಘಾತವಾಗಿ ಬಂದು ಕೂರುವುದೇ ಇದಕ್ಕೆ ಕಾರಣ. ದೊಡ್ಡ ಓರೆ ಬೇಕಾದರೆ ಪದರವನ್ನು ದಪ್ಪ ಮಾಡಿ.

ಮೆಟಾಮೆಟೀರಿಯಲ್‌ಗೇ ವಿಶೇಷವಾದ ಅಪಾಯ ಇನ್ನೊಂದಿದೆ. ಋಣ ವಕ್ರೀಭವನದ ಮಾಧ್ಯಮದಲ್ಲಿ ಶಕ್ತಿ ಒಂದು ಕಡೆಗೆ, ಫೇಸ್ ಎದುರು ಕಡೆಗೆ ಚಲಿಸುತ್ತವೆ. ಪಿಎಂಎಲ್ ನೋಡುವುದು ಫೇಸನ್ನು. ಆ ಮಾಧ್ಯಮವನ್ನೇ ಪಿಎಂಎಲ್‌ನ ಒಳಗೆ ಚಾಚಿದರೆ, ಹೊರಹೋಗುತ್ತಿರುವ ಅಲೆಯನ್ನು ಒಳಬರುವ ಅಲೆ ಎಂದು ಭಾವಿಸಿ ಅದು ಕರಗಿಸುವ ಬದಲು ಬೆಳೆಸುತ್ತದೆ. ಕಾಲದಲ್ಲಿ ಹೆಜ್ಜೆ ಹಾಕುವ ಲೆಕ್ಕದಲ್ಲಿ ಕ್ಷೇತ್ರ ಏರುತ್ತಾ ಏರುತ್ತಾ ಸ್ಫೋಟಿಸುತ್ತದೆ. 2009ರಲ್ಲಿ ಎಂಐಟಿಯ ಸ್ಟೀವನ್ ಜಾನ್ಸನ್ ಮತ್ತು ಸಂಗಡಿಗರು ಈ ವೈಫಲ್ಯದ ಕಾರಣವನ್ನು ವಿವರಿಸಿದರು. ಅದರ ಹಿಂದಿನ ವರ್ಷ, ಆವರ್ತಕ ರಚನೆಯನ್ನು ಪಿಎಂಎಲ್‌ನೊಳಗೆ ಚಾಚಿದರೂ ಪ್ರತಿಫಲನರಹಿತ ಎಂಬ ಗುಣ ಉಳಿಯುವುದಿಲ್ಲ ಎಂದು ತೋರಿಸಿದ್ದರು. ಸುಲಭದ ಪರಿಹಾರ: ಹಾಳೆಯನ್ನು ಮೊದಲೇ ಮುಗಿಸಿ, ಸ್ವಲ್ಪ ಗಾಳಿ ಬಿಟ್ಟು, ಆಮೇಲೆ ಪಿಎಂಎಲ್ ಇಡಿ. ಮಾಧ್ಯಮ ಕೊನೆಯಿಲ್ಲದೆ ಹೋಗುತ್ತದೆ ಎಂದೇ ಹೇಳಬೇಕಿದ್ದರೆ, ನಿಧಾನವಾಗಿ ಏರುವ ಸಾಧಾರಣ ಹೀರುಪದರವನ್ನು ಉದ್ದವಾಗಿ ಹಾಕಬೇಕು.

ತಾಮ್ರದ ಮೇಲ್ಮೈಯೂ ಒಂದು ಗಡಿಯೇ. 10 ಗಿಗಾಹರ್ಟ್ಸ್‌ನಲ್ಲಿ ಕ್ಷೇತ್ರ ತಾಮ್ರದೊಳಗೆ ಇಳಿಯುವುದು 0.66 ಮೈಕ್ರಾನ್ ಮಾತ್ರ, ಬೋರ್ಡಿನ ತಾಮ್ರದ ಪದರದ ದಪ್ಪ 35 ಮೈಕ್ರಾನ್. ಅದರೊಳಗೆ ಲೆಕ್ಕದ ಜಾಲರಿ ಹೆಣೆಯುವುದು ವ್ಯರ್ಥ. ಮೇಲ್ಮೈ ಪ್ರತಿರೋಧ 0.026 ಓಮ್ ಎಂಬ ಷರತ್ತು ಇಟ್ಟರೆ ಸಾಕು. ಬೆಳಕಿನ ಆವೃತ್ತಿಗೆ ಹೋದರೆ ಈ ಅನುಕೂಲ ತಪ್ಪುತ್ತದೆ, ಅಲ್ಲಿ ಚಿನ್ನ, ಬೆಳ್ಳಿಗಳ ಒಳಗೂ ಕ್ಷೇತ್ರವನ್ನು ಬಿಡಿಸಲೇಬೇಕು.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ ಹೇಗೆ? ಉಂಗುರವನ್ನೂ ಬೋರ್ಡನ್ನೂ ಅಳಿಸಿ, ಖಾಲಿ ಪೆಟ್ಟಿಗೆಯನ್ನು ಓಡಿಸಿ. ಪ್ರತಿಫಲನ ಇರಬಾರದು, ಅಲೆ ಪೂರ್ತಿ ದಾಟಬೇಕು, ಫೇಸ್ ಪೆಟ್ಟಿಗೆಯ ಉದ್ದಕ್ಕೆ ತಕ್ಕಷ್ಟೇ ತಿರುಗಿರಬೇಕು. ಮೊದಲು ಹೇಳಿದ ಲೋಹದ ಕೊಳವೆಯ ಪ್ರಮಾದ ಈ ಪರೀಕ್ಷೆಯಲ್ಲಿ ಒಂದೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಬರಿಯ ಬೋರ್ಡಿನ ತುಂಡನ್ನು ಹಾಳೆಯಂತೆ ಅಡ್ಡಲಾಗಿ ಪೂರ್ತಿ ತುಂಬಿ ಓಡಿಸಿ, ಅದಕ್ಕೆ ಕೈಲೆಕ್ಕದ ಸೂತ್ರವಿದೆ, ಹೋಲಿಸಿ. ಮೂರನೆಯದಾಗಿ ಉಂಗುರ. ವಕ್ರೀಭವನ ಸೂಚ್ಯಂಕವನ್ನು ಹೊರತೆಗೆಯುವಾಗ ಫೇಸಿನ ಲೆಕ್ಕ ಹಾಳೆಯ ಮುಖದಿಂದ ಶುರುವಾಗಬೇಕು. ಪೋರ್ಟ್ 10 ಮಿ.ಮೀ. ದೂರದಲ್ಲಿದ್ದು ಅದನ್ನು ಕಳೆಯದಿದ್ದರೆ ಒಂದೊಂದು ಕಡೆಯೂ 120 ಡಿಗ್ರಿ ಸುಳ್ಳು ಫೇಸ್ ಸೇರುತ್ತದೆ. ಅಷ್ಟು ಸುಳ್ಳಿನಲ್ಲಿ ಋಣ ಸೂಚ್ಯಂಕವೂ ಸಿಗುತ್ತದೆ, ಬೇಕಾದ್ದೂ ಸಿಗುತ್ತದೆ.

ಕೊನೆಗೆ ಅಳತೆಯ ಮೇಜು. ಅನೇಕ ಕಾಲೇಜುಗಳಲ್ಲಿ ಇರುವುದು ಎಕ್ಸ್ ಬ್ಯಾಂಡ್ ವೇವ್‌ಗೈಡ್, ಅಂದರೆ 10 ಗಿಗಾಹರ್ಟ್ಸ್ ಆಸುಪಾಸಿನ ಅಲೆಯನ್ನು ಸಾಗಿಸುವ ಲೋಹದ ಕೊಳವೆ, ಒಳ ಅಳತೆ 22.86 ಮತ್ತು 10.16 ಮಿ.ಮೀ. ಮಾದರಿಯನ್ನು ಅದರೊಳಗೆ ತುರುಕಿ, ಲಂಬ ಅಲೆಯ ಸಿಮ್ಯುಲೇಶನ್ ಜೊತೆ ಹೋಲಿಸಿ, ಹೊಂದುತ್ತಿಲ್ಲ ಎಂದು ಬೇಸರ ಪಡುತ್ತಾರೆ. ಹೊಂದಬಾರದು! ವೇವ್‌ಗೈಡಿನ ನಾಲ್ಕೂ ಗೋಡೆ ಲೋಹ. ಅದರ ಮೊದಲ ಮೋಡ್ ಎಂದರೆ ಪಕ್ಕದ ಗೋಡೆಗಳ ನಡುವೆ ಅಂಕುಡೊಂಕಾಗಿ ಪುಟಿಯುವ ಎರಡು ಸಮತಲ ಅಲೆಗಳು. 10 ಗಿಗಾಹರ್ಟ್ಸ್‌ನಲ್ಲಿ ಅವು ಸುಮಾರು 41 ಡಿಗ್ರಿ ಓರೆಯಲ್ಲಿ ಹೋಗುತ್ತವೆ. ಮೇಲಾಗಿ 22.86ರಲ್ಲಿ 5 ಮಿ.ಮೀ. ಸೆಲ್‌ಗಳು ಪೂರ್ಣ ಸಂಖ್ಯೆಯಲ್ಲಿ ಕೂರುವುದಿಲ್ಲ. ಅಳತೆ ವೇವ್‌ಗೈಡಿನಲ್ಲೇ ಆಗುವುದಾದರೆ ಸಿಮ್ಯುಲೇಶನ್‌ನಲ್ಲೂ ವೇವ್‌ಗೈಡನ್ನೇ ಬರೆಯಿರಿ. ಅಲ್ಲಿ ನಾಲ್ಕೂ ಮುಖ ಪರಿಪೂರ್ಣ ವಾಹಕ ಎಂಬುದು ಸರಿಯಾದ ಗಡಿ ಷರತ್ತು.

ಪ್ರಶ್ನೆಗಳ ಹೊತ್ತಿನಲ್ಲಿ ಗೋಣಿಕೊಪ್ಪದ ವಿದ್ಯಾರ್ಥಿನಿಯೊಬ್ಬರು, ದುಬಾರಿ ಪರವಾನಗಿ ಇಲ್ಲದೆ ಇದನ್ನೆಲ್ಲ ಮಾಡಬಹುದೇ ಎಂದು ಕೇಳಿದರು. ಮಾಡಬಹುದು. ಮೀಪ್ ಉಚಿತ, ಅದರಲ್ಲಿ ಬ್ಲಾಕ್ ಆವರ್ತನವೂ ಪಿಎಂಎಲ್ಲೂ ಇವೆ, ಒಂದು ಯೂನಿಟ್ ಸೆಲ್‌ಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಓಪನ್‌ಇಎಂಎಸ್ ಕೂಡ ಉಚಿತ. ಪಿಇಸಿ, ಪಿಎಂಸಿ, ಮುರ್, ಪಿಎಂಎಲ್ ಎಂದು ಪ್ರತಿ ಮುಖಕ್ಕೂ ನೀವೇ ಬರೆಯಬೇಕಾದ್ದರಿಂದ ಕಲಿಯುವವರಿಗೆ ಒಳ್ಳೆಯದು. ಮಳೆಗಾಲದಲ್ಲಿ ರಾತ್ರಿಯಿಡೀ ಓಡಿಸುವುದಾದರೆ ನಡುನಡುವೆ ಫಲಿತಾಂಶ ಉಳಿಸುವಂತೆ ಬರೆದುಕೊಳ್ಳಿ, ಕರೆಂಟ್ ಹೋಗುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಇನ್ನೊಬ್ಬರ ಪ್ರಶ್ನೆ: ಕೊನೆಯಿಲ್ಲದ ಹಾಳೆ ಎಂದು ಲೆಕ್ಕ ಹಾಕಿ, ಕೊನೆಗೆ ಕಟ್ಟುವುದು ಸೀಮಿತ ಹಾಳೆಯನ್ನೇ; ಎಷ್ಟು ಸೆಲ್ ಇದ್ದರೆ ಎರಡೂ ಹೊಂದುತ್ತವೆ? ಎಲ್ಲ ವಿನ್ಯಾಸಗಳಿಗೂ ಒಪ್ಪುವ ಸಂಖ್ಯೆ ಇಲ್ಲ. ನೆರೆಯ ಸೆಲ್‌ಗಳ ಸಂಬಂಧ ಬಲವಾಗಿದ್ದಷ್ಟೂ ಅಂಚಿನ ಪ್ರಭಾವ ಒಳಗೆ ನುಗ್ಗುತ್ತದೆ. ಒಂದು ದಿಕ್ಕಿಗೆ ಆವರ್ತಕ ಗಡಿಯನ್ನು ಹಾಗೆಯೇ ಬಿಟ್ಟು, ಇನ್ನೊಂದು ದಿಕ್ಕಿಗೆ 5, 9, 13 ಸೆಲ್‌ಗಳ ಸಾಲು ಬರೆದು, ಸಾಲಿನ ಎರಡು ತುದಿಗಳಿಗೂ ಗಾಳಿ ಮತ್ತು ಪಿಎಂಎಲ್ ಇಟ್ಟು ಓಡಿಸಿ. ನಡುವಿನ ಸೆಲ್‌ನ ಪ್ರವಾಹವನ್ನು ಕೊನೆಯಿಲ್ಲದ ಹಾಳೆಯ ಪ್ರವಾಹದೊಂದಿಗೆ ಹೋಲಿಸಿ. ಯಾವ ಸಂಖ್ಯೆಯಿಂದಾಚೆ ವ್ಯತ್ಯಾಸ ನಿಮ್ಮ ಅಳತೆಯ ಉಪಕರಣದ ದೋಷಕ್ಕಿಂತ ಕಡಿಮೆಯಾಗುತ್ತದೆಯೋ ಅಷ್ಟು ಸೆಲ್‌ಗಳ ಬೋರ್ಡ್ ಮಾಡಿಸಿ. ಅಳೆಯುವಾಗ ಹಾರ್ನ್ ಆಂಟೆನಾದ ಕಿರಣ ಬೋರ್ಡಿನ ಅಂಚು ದಾಟದಂತೆ ಸುತ್ತಲೂ ಹೀರುವ ಫೋಮ್ ಕಟ್ಟುವುದನ್ನು ಮರೆಯಬೇಡಿ.